ಐಸ್ ಫ್ಯಾಕ್ಟರಿಯ ಕೋಟು

ಮುಚ್ಚಿದ ಈಜುಕೊಳ, ಹಳೇ ಬಸ್ ಡಿಪೋದಂಥ ಕಡೆ ಕಲಾ ಪ್ರದರ್ಶನ ಏರ್ಪಡಿಸುವುದು ನನ್ನ ಕಸುಬು. ಹನ್ನೊಂದು ವರ್ಷದಿಂದ ಬಾಗಿಲು ಹಾಕಿದ್ದ ಐಸ್ ಫ್ಯಾಕ್ಟರಿಯಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಲ್ಲಿ ಮೊಳೆಗೆ ಯಾರೋ ಕೆಲಸಗಾರನ ಉಣ್ಣೆ ಕೋಟು ತೂಗುತ್ತಿತ್ತು. ಪಕ್ಕದಲ್ಲಿ ‘ಕಲಾವಿದರು: ತಿಳಿದಿಲ್ಲ’ ಎಂದು ಚೀಟಿ ಅಂಟಿಸಿದೆ. ಬಂದವರೆಲ್ಲ ಚಿತ್ರಗಳನ್ನು ಬಿಟ್ಟು ಅದನ್ನೇ ಹೊಗಳಿದರು. ನಾನು ಉಬ್ಬಿಹೋದೆ.

ಕೊನೆಯ ದಿನ ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಂದು ಕೋಟಿನ ತೋಳು ಹಿಡಿದರು.

“ನಮ್ಮ ಯಜಮಾನರದ್ದಪ್ಪ ಇದು. ಇಲ್ಲೇ ಕೆಲಸ ಮಾಡ್ತಾ ಮಾಡ್ತಾ ತೀರ್ಕೊಂಡ್ರು.”

“ಮುಟ್ಟಬೇಡಿ ಅಜ್ಜಿ, ಅದು ಕಲಾಕೃತಿ,” ಎಂದೆ, ನಾಲ್ಕು ಜನರ ಮುಂದೆ. ಅವರು ಕೈ ತೆಗೆದು ಹೊರಟುಹೋದರು.

ಎಲ್ಲರೂ ಹೋದ ಮೇಲೆ ಕೋಟು ಇಳಿಸಿದೆ. ಗೋಡೆ ಮುಟ್ಟಿದರೆ ಕೊರೆಯುತ್ತಿತ್ತು. ಕೋಟಿನ ಒಳಗೆ ಮಾತ್ರ ಯಾರೋ ಈಗಷ್ಟೇ ಬಿಚ್ಚಿಟ್ಟಂತೆ ಬೆಚ್ಚಗಿತ್ತು. ಬೀದಿಯವರನ್ನು ಕೇಳಿಕೊಂಡು ಹೋಗಿ ಅಜ್ಜಿಯ ಕೈಗೆ ಕೊಟ್ಟೆ.

ಅವರು ಅದನ್ನು ಕೆನ್ನೆಗೊತ್ತಿಕೊಂಡರು. “ತಂದ್ಬಿಟ್ಯಾ? ನಾನು ಬರೀ ಮುಟ್ಟಿ ನೋಡೋಕೆ ಬಂದಿದ್ದೆ ಕಣಪ್ಪ. ಇನ್ನು ಅಲ್ಲಿ ಅವರಿಗೆ ಚಳಿ ಆಗಲ್ವಾ?”

ಅದನ್ನು ವಾಪಸ್ ಕೇಳಲು ನನಗೆ ಬಾಯಿ ಬರಲಿಲ್ಲ. ಫ್ಯಾಕ್ಟರಿಗೆ ಮರಳಿ ಚೀಟಿ ಕಿತ್ತುಹಾಕಿ, ನಾನು ತೊಟ್ಟಿದ್ದ ಸ್ವೆಟರನ್ನೇ ಆ ಮೊಳೆಗೆ ನೇತುಹಾಕಿದೆ. ಮರುದಿನ ಬೀಗದಕೈ ಒಪ್ಪಿಸುವ ಮೊದಲು ಅದರೊಳಗೆ ಕೈ ಹಾಕಿ ನೋಡಿದೆ.

ಬೆಚ್ಚಗಿತ್ತು.