ನೆಲನೆಲ್ಲಿ ಸೀಸೆಯ ಕಳವು

೧೯೯೩ರ ನವೆಂಬರ್ ೨೭, ಶನಿವಾರ ಬೆಳಿಗ್ಗೆ. ವಿಶಾಖಪಟ್ಟಣದ ಮಧುರವಾಡ ಕಡೆಯ ಒಂದು ಔಷಧ ಸಂಶೋಧನಾ ಕೇಂದ್ರದ ಡಾಕ್ಟರ್ ಚಂದ್ರಮೌಳಿ ಠಾಣೆಗೆ ಓಡಿಬಂದರು. ಫ್ರಿಜ್ಜಿನಲ್ಲಿದ್ದ ನೆಲನೆಲ್ಲಿ ಸಾರದ ಸೀಸೆ ಕಾಣೆಯಾಗಿತ್ತು.

ಸೊಪ್ಪಿನ ರಸ ಕದ್ದರೆಂದು ದೂರೇ ಎಂದು ಇನ್ಸ್‌ಪೆಕ್ಟರ್ ಸುಬ್ರಹ್ಮಣ್ಯ ರೇಗಿದ. ಡಾಕ್ಟರು ವಿವರಿಸಿದರು. ಒಳಗೊಳಗೇ ತುಕ್ಕು ಹಿಡಿದಂತೆ ಯಕೃತ್ತು ಕೆಡುತ್ತದೆ. ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ನೆಲನೆಲ್ಲಿ ಒಂದೇ ಕೊಟ್ಟರೆ ಇಲಿಗಳಿಗೆ ಅಷ್ಟಕ್ಕಷ್ಟೆ, ವಿಟಮಿನ್ ಇ ಒಂದೇ ಕೊಟ್ಟರೂ ಅಷ್ಟೆ. ಎರಡೂ ಕೂಡಿಸಿದರೆ ಚೇತರಿಸಿಕೊಳ್ಳುತ್ತವೆ. ಆದರೆ ಸಾರ ಇಳಿಸಲು ಹಾಕಿದ್ದ ಮಿಥೈಲ್ ಸ್ಪಿರಿಟನ್ನು ಸೀಸೆಯಲ್ಲಿದ್ದುದರಿಂದ ಇನ್ನೂ ತೆಗೆದಿರಲಿಲ್ಲ.

ಸುಬ್ರಹ್ಮಣ್ಯ ಎದ್ದುನಿಂತ. ಕಳ್ಳಬಟ್ಟಿಯಲ್ಲಿ ಆ ಸ್ಪಿರಿಟ್ ಕುಡಿದು ಕಣ್ಣು ಕಳೆದುಕೊಂಡವರನ್ನೂ ಸತ್ತವರನ್ನೂ ಅವನು ನೋಡಿದ್ದ.

"ವಿಷ ಅಂತ ಚೀಟಿ ಯಾಕೆ ಅಂಟಿಸಲಿಲ್ಲ?"

"ನಮ್ಮವರಿಗೆಲ್ಲ ಗೊತ್ತಿತ್ತು, ಸರ್."

"ಕಳ್ಳನಿಗೂ ಹೇಳಿದ್ರಾ?"

ಎಫ್‌ಐಆರ್ ಆಯಿತು. ಪಂಚನಾಮೆ ಮಾಡುವಾಗ ಬಾಗಿಲ ಬೀಗ ನೆಟ್ಟಗಿತ್ತು. ಸೀಸೆಯ ಪಕ್ಕದಲ್ಲೇ ಇದ್ದ ವಿಟಮಿನ್ ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ. ಗುಣ ಇರುವುದೇ ಜೋಡಿಯಲ್ಲಿ, ನಮ್ಮವರಾದರೆ ಎರಡನ್ನೂ ಒಯ್ಯುತ್ತಿದ್ದರು ಎಂದರು ಡಾಕ್ಟರು.

ಕಾನ್‌ಸ್ಟೆಬಲ್ ಈಶ್ವರಯ್ಯ ಡಬ್ಬಿಯನ್ನೇ ನೋಡುತ್ತಿದ್ದ. "ನಮ್ಮತ್ತೆಗೆ ಕಾಮಾಲೆ ಆದಾಗ ನಾಟಿ ಮದ್ದಿನವನು ಮೊದಲು ಇಂಗ್ಲಿಷ್ ಮಾತ್ರೆ ಬಿಡಿಸಿದ್ದ, ಸರ್. ಎರಡೂ ಸೇರಬಾರದಂತೆ."

"ಅಂದರೆ ಇದು ನಾಟಿ ಮದ್ದಿನ ಪಥ್ಯ ನಂಬುವವರ ಕೆಲಸ," ಎಂದ ಸುಬ್ರಹ್ಮಣ್ಯ.

ಕೀಲಿಕೈ ಇದ್ದವರಲ್ಲಿ ಟೈಪಿಸ್ಟ್ ಭ್ರಮರಾಂಬ ಒಬ್ಬಳೇ ರಜೆಯಲ್ಲಿದ್ದಳು. ಬಳ್ಳಾರಿಯವಳು, ವಿಶಾಖಪಟ್ಟಣಕ್ಕೆ ಮದುವೆಯಾಗಿ ಬಂದವಳು. ಅವಳಣ್ಣ ದಕ್ಷಿಣಾಮೂರ್ತಿ ಬ್ಯಾಂಕ್ ಗುಮಾಸ್ತ, ವರ್ಗವಾಗಿ ವಿಜಯವಾಡದಲ್ಲಿದ್ದ. ಅವನಿಗೆ ಯಕೃತ್ತಿನ ಕಾಯಿಲೆ ಎಂದು ಆಫೀಸಿಗೆಲ್ಲ ಗೊತ್ತಿತ್ತು. ಹಿಂದಿನ ದಿನ ಅವಳು ಅಲ್ಲಿಗೇ ಹೋಗಿದ್ದಳು.

ವಿಜಯವಾಡ ಠಾಣೆಗೆ ಫೋನ್ ಮಾಡಿದರು. ಅಲ್ಲಿಯವರು ಹೋಗಿ ನೋಡಿದಾಗ ಮನೆಗೆ ಬೀಗ. ಅಣ್ಣ ತಂಗಿ ಆಟೋದಲ್ಲಿ ಹೋದರು, ಎಲ್ಲಿಗೋ ತಿಳಿಯದು ಎಂದರು ಅಕ್ಕಪಕ್ಕದವರು. ಬಾಗಿಲಲ್ಲೊಬ್ಬ ಪೇದೆಯನ್ನು ಕೂರಿಸಿದರು, ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಸುಬ್ರಹ್ಮಣ್ಯ ಈಶ್ವರಯ್ಯನನ್ನೂ ಮಹಿಳಾ ಪೇದೆ ಗಂಗಾಭವಾನಿಯನ್ನೂ ಕರೆದುಕೊಂಡು ರೈಲು ಹತ್ತಿದ.

ಇಳಿಯುತ್ತಲೇ ಗಂಗಾಭವಾನಿ ಅಂದಳು: ಹೊಸ ಮದ್ದನ್ನು ಅಮ್ಮನವರ ಮುಂದಿಡದೆ ಈ ಊರಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲ. ಅಲ್ಲಿಯ ಠಾಣೆಯ ಜೀಪು ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟಕ್ಕೆ ತಿರುಗಿತು.

ಬೆಟ್ಟದ ಮೆಟ್ಟಿಲ ಮೇಲೆ ಇಬ್ಬರೂ ಸಿಕ್ಕರು. ಹಳದಿ ಕಣ್ಣಿನ, ಹೊಟ್ಟೆ ಊದಿದ ಅಣ್ಣ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ತಂಗಿಯ ಚೀಲದಲ್ಲಿ ಕುಂಕುಮ ಹಚ್ಚಿದ ಸೀಸೆ ಇತ್ತು.

ಸುಬ್ರಹ್ಮಣ್ಯ ಬಳ್ಳಾರಿ ಪಕ್ಕದ ಆದೋನಿಯವನು. ಕನ್ನಡದಲ್ಲೇ ಕೇಳಿದ.

"ಕುಡಿಸಿದ್ದೀಯಾ?"

"ಇಲ್ರಿ ಸಾರ್. ನಾಳೆ ಐತ್ವಾರ. ಬೆಳಿಗ್ಗೆ ಬರೇ ಹೊಟ್ಟಿಗೆ ಕೊಡಾಕಂತ ಇಟ್ಟೀನಿ."

ಸೀಸೆಯ ಮುಚ್ಚಳ ಬಿಗಿಯಾಗಿಯೇ ಇತ್ತು. ಒಳಗೇನಿದೆ ಎಂದು ಅವನು ಹೇಳಿದ. ಅವಳು ಚೀಲವನ್ನು ಅಣ್ಣನಿಂದ ದೂರ ಸರಿಸಿದಳು.

"ಆಸ್ಪತ್ರೆಯ ವಿಟಮಿನ್ ಮಾತ್ರೆ?"

"ನಿನ್ನೆನ ಬಿಡಿಸೀನ್ರಿ. ಪಥ್ಯ."

"ಎರಡೂ ಕೂಡಿಸಿದರೇ ಗುಣ ಅಂತ ಡಾಕ್ಟರ ವರದಿ ಟೈಪ್ ಮಾಡಿದವಳು ನೀನೇ ಅಲ್ಲವೇನಮ್ಮ?"

"ಅದು ಇಲಿಗೆ ಬರೆದಿದ್ದು ಸಾರ್. ಇಲಿಗೆಲ್ಲಿ ಪಥ್ಯ?"

ಪಥ್ಯ ಎಂದದ್ದು ಕೇಳಿ ಅತ್ತೆಯ ನೆನಪಾಗಿ ಈಶ್ವರಯ್ಯ ಮುಖ ಆ ಕಡೆ ತಿರುಗಿಸಿದ.

ದಕ್ಷಿಣಾಮೂರ್ತಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಮತ್ತೆ ಮಾತ್ರೆ ಶುರುಮಾಡಿಸಿದರು. ಭ್ರಮರಾಂಬಳನ್ನು ಬಂಧಿಸಿ, ಸೀಸೆಗೆ ಅರಗಿನ ಮುದ್ರೆ ಹಾಕಿದರು. ಹೇಳಿಕೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿ ಮದುವೆ ಮಾಡಿದವನು ಈ ಅಣ್ಣ. ಒಂದು ಗುಟುಕು ಕೊಡಿ ಎಂದು ಡಾಕ್ಟರರನ್ನು ಎರಡು ಸಲ ಬೇಡಿದ್ದಳು. ಮನುಷ್ಯರಿಗೆ ಕೊಡಲು ಇನ್ನೂ ಹತ್ತು ವರ್ಷ ಬೇಕು ಎಂದಿದ್ದರು ಅವರು. ಸ್ಪಿರಿಟ್ಟಿನ ವಿಷಯ ಮಾತ್ರ ಹೇಳಿರಲಿಲ್ಲ.

ಸಹಿ ಹಾಕಿ ಪೆನ್ನು ಹಿಂದಿರುಗಿಸುತ್ತಾ ಅವಳು ಕೇಳಿದಳು:

"ಸ್ಪಿರಿಟ್ ತೆಗೆದ ಮ್ಯಾಲೆ ಒಂದು ಚಮಚ ಕೊಡಸ್ತೀರೇನ್ರಿ ಸಾರ್? ಮಾತ್ರೆ ಜೋಡಿನೇ ಕೊಡ್ತೀನಿ."