ಅಜ್ಜಿಯ ಮಾತಿನಿಂದ ಕತ್ತರಿಸಿದ ಪ್ರಶ್ನೆ

"ನಿಲ್ಲಿಸಿ ಅದನ್ನ."

ತಲೆಯ ಮೇಲೆ ತೊತೊಪೊ ಬುಟ್ಟಿ ಹೊತ್ತ ನೆರೈದಾ ಪಾಠದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಸ್ತಾಲ್ತೆಪೆಕ್ ಸಂತೆಗೆ ಆ ಗರಿಗರಿ ಮೆಕ್ಕೆಜೋಳದ ರೊಟ್ಟಿ ಮಾರಲು ಹೊರಟವಳನ್ನು ಕಿಟಕಿಯಿಂದ ಬಂದ ಒಂದು ದನಿ ತಡೆದಿತ್ತು.

ಕಳೆದ ಬೇಸಿಗೆಯಲ್ಲಿ ತೀರಿಕೊಂಡ ತನ್ನಜ್ಜಿ ಒಬ್ದುಲಿಯಾಳ ದನಿ!

"ಅವಳಾ? ಅಯ್ಯೋ, ಅವಳ ಬಾಯಿ ನಮ್ಮ ಒಲೆಗಿಂತ ಬಿಸಿ." ಅಜ್ಜಿ ಊರಿನ ಹಳೆಯ ಸಪೊತೆಕ್ ಭಾಷೆಯಲ್ಲಿ ಹೇಳುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಮೇಷ್ಟ್ರು ಹೆರ್ಮಿಲೊ ತಟ್ಟನೆ ರೆಕಾರ್ಡಿಂಗ್ ಯಂತ್ರ ನಿಲ್ಲಿಸಿದ. ಅವಳ ಬುಟ್ಟಿ ಇಳಿಸಿಕೊಂಡು ಕುರ್ಚಿ ಎಳೆದ. ಅವಳು ಕೂರಲಿಲ್ಲ.

"ನಮ್ಮಜ್ಜಿ ನಿಮಗೆಲ್ಲ ನಗೋ ಸಾಮಾನಾ ಮೇಷ್ಟ್ರೇ? ಯಾರನ್ನ ಕೇಳಿ ಹಾಕಿದ್ರಿ?"

"ಅವರನ್ನೇ ಕೇಳಿದ್ದೆ. ಆದ್ರೆ... ಅವರು ಹೋದಮೇಲೆ ಮನೆಯವರನ್ನೂ ಕೇಳ್ಬೇಕಿತ್ತು. ತಪ್ಪಾಯ್ತು."

ಜಗಳಕ್ಕೆ ಬಂದವಳಿಗೆ ಈ ಮೆತ್ತನೆ ಮಾತು ಇನ್ನಷ್ಟು ಸಿಟ್ಟು ತರಿಸಿತು.

"ಹಾಗಾದ್ರೆ ಅಳಿಸಿಬಿಡಿ."

ಅವನ ಮುಖ ಬಾಡಿತು. ಮನೆಯಲ್ಲಿ ಸ್ಪ್ಯಾನಿಷ್ ಮಾತ್ರ ಕೇಳಿ ಬೆಳೆದ ಮಕ್ಕಳಿಗೆ ಊರ ಹಿರಿಯರ ಮಾತಿನ ಈ ಸಂಗ್ರಹವೇ ಪಠ್ಯ. ಅದರಲ್ಲಿ ಒಲೆಯ ಮುಂದೆ ಕೂತು ಆಡಿದ ಮಾತು ಅಜ್ಜಿಯದೊಂದೇ. ಆದರೂ ಅವನು ವಾದಿಸಲಿಲ್ಲ. ಪೂರ್ತಿ ರೆಕಾರ್ಡಿಂಗನ್ನು ಅವಳ ಫೋನಿಗೆ ಹಾಕಿಕೊಟ್ಟ.

"ಒಂದ್ಸಲ ಕೇಳಿ. ಆಮೇಲೂ ಬೇಡ ಅಂದ್ರೆ ಇಲ್ಲಿಂದ ಅಳಿಸ್ತೀನಿ. ನಿಮ್ಮ ಹತ್ರ ಮಾತ್ರ ಇರ್ಲಿ."

ಸಂಜೆ ಅವಳು ಅಜ್ಜಿಯ ಪಟಕ್ಕೆ ಹೂವಿಟ್ಟು ಫೋನ್ ಒತ್ತಿದಳು. ಸೌದೆಯ ಚಟಪಟ... ದೂರದಲ್ಲಿ ಯಾರೋ ಹಾಡುವ ದನಿ... ಅರೆ, ಅದು ತನ್ನದೇ!

"ಅಜ್ಜೀ, ಹಿತ್ತಲಲ್ಲಿ ಹಾಡ್ತಿರೋದು ಯಾರು?"

ಹೆರ್ಮಿಲೊನ ದನಿ. ಪಾಠಕ್ಕೆ ಅಣಿಮಾಡುವಾಗ ತನ್ನ ಪ್ರಶ್ನೆಗಳನ್ನೆಲ್ಲ ಕತ್ತರಿಸುವುದು ಅವನ ರೂಢಿ.

"ಅವಳಾ? ಅಯ್ಯೋ, ಅವಳ ಬಾಯಿ ನಮ್ಮ ಒಲೆಗಿಂತ ಬಿಸಿ. ಆದ್ರೆ ನನ್ನ ಕೈ ನಡುಗೋಕೆ ಶುರುವಾದಾಗಿಂದ ಒಲೆಗೆ ತಾನೇ ಕೈ ಹಾಕ್ತಾಳೆ, ಸುಟ್ಕೊಂಡ್ರೂ ಹೇಳಲ್ಲ. ಯಾಕೆ ಕೇಳ್ತೀಯ? ನಿಂಗೆ ಮದುವೆ ಆಗಿದ್ಯಾ?"

"ಇಲ್ಲಜ್ಜಿ... ಹಾಡು ಚೆನ್ನಾಗಿತ್ತು, ಅಷ್ಟೇ."

"ಅಷ್ಟೇ ಅಂತೆ. ಕಿವಿ ನೋಡ್ಕೋ, ಹೇಗೆ ಕೆಂಪಗಾಗಿದೆ. ಹೋಗಿ ಅವಳನ್ನೇ ಮಾತಾಡಿಸು, ಪುಕ್ಕಲ."

ನೆರೈದಾಗೆ ನಗು ಬಂತು. ನಗುತ್ತಲೇ ಅತ್ತಳು. ಆ ಮಕ್ಕಳು ಅಜ್ಜಿಯನ್ನು ಕಂಡು ನಕ್ಕಿರಲಿಲ್ಲ, ಅಜ್ಜಿಯೇ ಅವರನ್ನು ನಗಿಸಿದ್ದಳು. ಸತ್ತ ಮೇಲೂ...

ಮರುದಿನ ಮಕ್ಕಳು ಬರುವ ಮೊದಲೇ ಅವಳು ಬಾಗಿಲಲ್ಲಿದ್ದಳು.

"ಅಜ್ಜಿ ಮಾತು ಇರ್ಲಿ ಮೇಷ್ಟ್ರೇ. ಆದ್ರೆ ಏನೂ ಕತ್ತರಿಸದೆ ಹಾಕಿ."

"ಪೂರ್ತಿನಾ? ಮಕ್ಕಳ ಮುಂದೆ ನನ್ನ ಮಾನ ಹೋಗುತ್ತೆ."

"ನಂದು ನಿನ್ನೆ ಹೋಗ್ಲಿಲ್ವಾ? ಸಮ ಆಯ್ತು."

ಅವನ ಕಿವಿ, ಅಜ್ಜಿ ಹೇಳಿದಂತೆಯೇ, ಕೆಂಪಗಿತ್ತು.

"ನೀವು 'ನಿಲ್ಲಿಸಿ' ಅಂದ ಕೂಡ್ಲೇ ಗುರುತು ಸಿಕ್ತು. ಮುಖ ನೋಡಿರ್ಲಿಲ್ಲ, ಆದ್ರೆ ರೆಕಾರ್ಡಿಂಗಲ್ಲಿ ಆ ಹಾಡನ್ನ ದಿನಾ ಕೇಳ್ತಿದ್ದೆ. ಹಾಡೋಳು... ನಂಗೆ ತುಂಬಾ ಇಷ್ಟ ನೆರೈದಾ."

"ಮತ್ತೆ ಬಂದು ಮಾತಾಡಿಸ್ಬೇಕಿತ್ತು. ಅಜ್ಜಿ ಅಷ್ಟು ಹೇಳಿದ್ರಲ್ಲ."

"ಬಾಯಿ ಒಲೆಗಿಂತ ಬಿಸಿ ಅಂತಾನೂ ಹೇಳಿದ್ರಲ್ಲ."

ಅವಳು ತೊತೊಪೊ ಮುರಿದು ಅರ್ಧ ಅವನ ಅಂಗೈಗಿಟ್ಟಳು. ಅವಳ ಬೆರಳ ಸುಟ್ಟ ಗುರುತನ್ನು ಅವನು ನೋವಾಗದಂತೆ ಸವರಿದ.

"ನಾಳೆ ನಿಮ್ಮ ಒಲೆ ಹತ್ರ ಬರ್ಲಾ? ಯಂತ್ರ ತರಲ್ಲ."

"ಹಸ್ಕೊಂಡು ಬನ್ನಿ. ಹಾಡು ಆಮೇಲೆ."