ಮಾನಪ್ಪನ ಮನೆಯ ಸಾಲು

ತಂಬಿಗೆ ಅವನ ತುಟಿಗೆ ತಾಗಲೇ ಇಲ್ಲ.

ಬಂಡಿಯಿಂದ ಇಳಿದವನ ಮುಖ ಬಿಸಿಲಿಗೆ ಕೆಂಡವಾಗಿತ್ತು. ಗ್ಯಾನಮ್ಮ ಒಳಗೆ ಓಡಿ, ಬೆಳಗಿಟ್ಟ ತಂಬಿಗೆಯಲ್ಲಿ ತಣ್ಣನೆಯ ನೀರು ತಂದುಕೊಟ್ಟಿದ್ದಳು. ಅವನೋ ತಲೆಯನ್ನು ಹಿಂದಕ್ಕೆ ಬಾಗಿಸಿ, ತಂಬಿಗೆಯನ್ನು ಗೇಣೆತ್ತರಕ್ಕೆ ಹಿಡಿದು, ನೀರನ್ನು ಬಾಯಿಗೆ ಸುರಿದುಕೊಂಡ!

ಕೇರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಗ್ಯಾನಮ್ಮ ತಂಬಿಗೆ ಕಸಿದುಕೊಂಡಳು.

"ಇನ್ನೂ ಸ್ವಲ್ಪ..." ಅಂದ ಅವನು.

"ತೀರೇತ್ರಿ," ಅಂದಳು. ತಂಬಿಗೆಯಲ್ಲಿ ಅರ್ಧ ನೀರು ತುಳುಕುತ್ತಿತ್ತು.

ಅವನ ಹೆಸರು ಸಿಲಾಸ. ಮಂಗಳೂರಿನ ಹಂಚಿನ ಕಾರ್ಖಾನೆಯವನು. ಇಲ್ಲಿ ನಿಜಾಮರ ಸೀಮೆಯಲ್ಲಿ, ಮಸ್ಕಿಯ ಕೇರಿಯ ಕ್ರೈಸ್ತರು ಕಲ್ಲು ಹೊತ್ತು ಒಂದು ಪ್ರಾರ್ಥನೆಯ ಮನೆ ಕಟ್ಟಿದ್ದರು. ಅದಕ್ಕೆ ಹಂಚು ಹೊದಿಸಿಕೊಡಲು ಮಂಗಳೂರಿನ ಸಭೆ ಒಬ್ಬ ಪಾದ್ರಿ ಅಯ್ಯನವರನ್ನೂ ನಾಲ್ವರು ಹುಡುಗರನ್ನೂ ಕಳಿಸಿತ್ತು. ರಾಯಚೂರಿನ ತನಕ ರೈಲು, ಲಿಂಗಸುಗೂರಿಗೆ ಮೋಟಾರು, ಅಲ್ಲಿಂದ ಬಂಡಿ. ಭಾನುವಾರ ಹೊಸ ಮನೆಯಲ್ಲಿ ಮೊದಲ ಪ್ರಭುಭೋಜನ, ಸಭೆಯವರೆಲ್ಲ ಒಂದೇ ರೊಟ್ಟಿ ಮುರಿದು ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಆರಾಧನೆ. ಸೋಮವಾರ ಅವರು ಹೊರಡಬೇಕು.

ಊರ ಬಾವಿಯಲ್ಲಿ ಗ್ಯಾನಮ್ಮನ ಬೊಗಸೆಗೆ ಹೀಗೇ ಎತ್ತರದಿಂದ ನೀರು ಹುಯ್ಯುತ್ತಿದ್ದರು. ಕೊಡ ಅವಳಿಗೆ ತಾಗಬಾರದು, ಅವಳು ಕೊಡಕ್ಕೆ ತಾಗಬಾರದು.

ಕ್ರಿಸ್ತನ ಹೆಸರು ಹೇಳಿಕೊಂಡು ಬಂದವನಿಗೂ ನಮ್ಮ ತಂಬಿಗೆ ಮೈಲಿಗೆಯೇ...?

ಕೆಲಸ ಶುರುವಾಯಿತು. ಹೆಂಗಸರು ಸಾಲಾಗಿ ನಿಂತು ಹಂಚು ದಾಟಿಸುತ್ತಿದ್ದರು. ಗ್ಯಾನಮ್ಮನ ಅಜ್ಜಿ ಆದೆಮ್ಮ ಕೆಳಗೆ ಕೂತು ಇಳಿಜಾರು ಮಾಡನ್ನು ನೋಡುತ್ತಿದ್ದಳು.

"ಏ ತಮ್ಮಾ, ಮಾಳಿಗಿ ಮ್ಯಾಲ ಮಲಗೋ ಮಂದಿ ನಾವು. ಇದರ ಮ್ಯಾಲ ಮಲಗಿದ್ರ ಉರುಳಿ ಸಿಂಧನೂರಿಗೆ ಹೋಗಿ ಬೀಳ್ತೀವಿ."

"ಹಾಗಾದರೆ ಅಲ್ಲಿ ಸಂತೆ ಮುಗಿಸಿಯೇ ಬನ್ನಿ ಅಜ್ಜಿ," ಎಂದ ಸಿಲಾಸ ಮೇಲಿನಿಂದ.

ಎಲ್ಲರೂ ನಕ್ಕರು. ಗ್ಯಾನಮ್ಮ ತುಟಿ ಕಚ್ಚಿಕೊಂಡಳು. ಅವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದೇ ಒಂದು ಕೆಲಸವಾಗಿತ್ತು!

ಅವಳು ಬಡಿದ ರೊಟ್ಟಿಯನ್ನು ಅವನು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದ. ಆದೆಮ್ಮನ ಪಕ್ಕದಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದ. ನೀರು ಮಾತ್ರ ಮತ್ತೆ ಅದೇ ಎತ್ತರದಿಂದ.

ರೊಟ್ಟಿ ಆಗುತ್ತದೆ, ತಂಬಿಗೆ ಆಗುವುದಿಲ್ಲ. ಇದೆಂಥ ಮನುಷ್ಯ...?

ಶನಿವಾರ ಕೊನೆಯ ಹಂಚು ಕೂತಿತು. ಗ್ಯಾನಮ್ಮ ಅಪ್ಪನ ಮುಂದೆ ನಿಂತಳು. ಸಭೆಯ ಹಿರಿಯನೂ ಅವನೇ, ಮಾನಪ್ಪ.

"ಅಪ್ಪಾ, ನಾಳೆ ನಾ ಭೋಜನಕ್ಕ ಬರಂಗಿಲ್ಲ. ಎಲ್ಲಾರ ತುಟೀಗೂ ಒಂದೇ ಬಟ್ಟಲ. ಅದನ್ನ ಹಿಡಿದು ಆ ಮಂಗಳೂರವರ ಮುಖ ಹೆಂಗಾಗ್ತದಂತ ನೋಡೋ ಶಕ್ತಿ ನನಗಿಲ್ಲ."

"ಗ್ಯಾನಿ ಬರದಿದ್ರ ನಾವೂ ಇಲ್ಲ ಮಾವ," ಎಂದರು ಹೆಂಗಸರು.

ಮಾನಪ್ಪ ಕಲ್ಲು ಹೊತ್ತು ಕಾಯಿಗಟ್ಟಿದ ಅಂಗೈಯನ್ನು ಸುಮ್ಮನೆ ಉಜ್ಜಿಕೊಂಡ.

ಏಣಿಯ ಮೇಲಿದ್ದ ಸಿಲಾಸ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಇಳಿದು ನೇರ ಅವಳ ಬಳಿ ಬಂದ.

"ನಾನು ಎಂತ ತಪ್ಪು ಮಾಡಿದೆ? ಹೇಳಿ."

"ನಮ್ಮ ತಂಬಗಿಗೆ ನಿಮ್ಮ ತುಟಿ ತಾಗಿದ್ರ ಏನಾಗ್ತದ್ರೀ? ಊರ ಬಾವ್ಯಾಗ ನಮಗ ಹಂಗ ಹುಯ್ತಾರ. ಎತ್ತರದಿಂದ. ನಾಯಿಗೆ ಹುಯ್ದಂಗ."

ಸಿಲಾಸನ ಮುಖ ಬಿಳಿಚಿತು.

"ನಮ್ಮಲ್ಲಿ... ಎಲ್ಲರೂ ಹಾಗೆಯೇ ಕುಡಿಯುವುದು. ನನ್ನ ಅಮ್ಮನ ಚೆಂಬಿನಿಂದಲೂ. ನನ್ನ ಎಂಜಲು ನಿಮಗೆ ಆಗಬಾರದು ಅಂತ. ಕಚ್ಚಿ ಕುಡಿದರೆ ಅಮ್ಮ ತಲೆಗೆ ಮೊಟಕುತ್ತಾರೆ."

ಗ್ಯಾನಮ್ಮನ ಕಣ್ಣು ಮೂಲೆಯಲ್ಲಿದ್ದ ತಂಬಿಗೆಯತ್ತ ಹೋಯಿತು.

"ನನ್ನ ಅಜ್ಜ ಕಳ್ಳು ಇಳಿಸಲು ತಾಳೆಮರ ಹತ್ತುವವರು. ಶ್ರೀಮಂತರ ಅಂಗಳದ ಹೊರಗೆ ಅವರನ್ನು ನಿಲ್ಲಿಸಿ ತೆಂಗಿನ ಚಿಪ್ಪಿನಲ್ಲಿ ನೀರು ಕೊಡುತ್ತಿದ್ದರಂತೆ. ಸಾಯುವಾಗಲೂ ಅದನ್ನೇ ಹೇಳುತ್ತಿದ್ದರು. ಅವರ ಮೊಮ್ಮಗ ನಾನು... ಅದನ್ನೇ ನಿಮಗೆ ಮಾಡಿದ ಹಾಗಾಯಿತಲ್ಲ?"

ಅವನ ಕಣ್ಣು ತುಂಬಿತ್ತು. ಇಷ್ಟು ದಿನ ಸಾಕಿದ್ದ ಸಿಟ್ಟು... ಅವಳಿಗೆ ಹುಡುಕಿದರೂ ಸಿಗಲಿಲ್ಲ.

"ನಾಳೆ ಬರ್ತೀನ್ರಿ," ಎಂದಳು ಮೆಲ್ಲಗೆ.

ಮಸ್ಕಿಯ ಈ ಸಭೆಯದು ಬೇರೆಯೇ ಪದ್ಧತಿ. ಭೋಜನದ ದಿನ ಒಂದೊಂದು ಮನೆಯವರು ಒಂದೊಂದು ಸಾಲು. ಅತಿಥಿಗಳು ಹಿಂದೆ. ಹೊಸಬರು ಒಂದು ಮನೆಯ ಸಾಲಿಗೆ ಬಂದು ಕೂತರೆ ಆ ಮನೆಗೆ ಸೊಸೆಯೋ ಅಳಿಯನೋ ಆದರೆಂದೇ ಅರ್ಥ.

ಭಾನುವಾರ ಬಟ್ಟಲು ಮಾನಪ್ಪನ ಸಾಲಿಗೆ ಬರುವ ಹೊತ್ತಿಗೆ ಸಿಲಾಸ ಹಿಂದಿನಿಂದ ಎದ್ದು ಬಂದು ಗ್ಯಾನಮ್ಮನ ಪಕ್ಕದಲ್ಲಿ ಕೂತುಬಿಟ್ಟ!

ಇಡೀ ಪ್ರಾರ್ಥನೆಯ ಮನೆ ತಿರುಗಿ ನೋಡಿತು. ಆದೆಮ್ಮ ಮಗನನ್ನು ತಿವಿದಳು. "ಮಾನ್ಯಾ, ಅಳಿಯ ಬಂದಾನ ನೋಡು."

"ರೀ... ಇಲ್ಲಿ ಕೂಡಬಾರದ್ರಿ. ಹಿಂದಕ್ಕ ಹೋಗ್ರಿ," ಗ್ಯಾನಮ್ಮ ಪಿಸುಗುಟ್ಟಿದಳು.

ಅವನು ಕದಲಲಿಲ್ಲ. ಬಟ್ಟಲು ಬಂತು. ಅವಳು ಕುಡಿದು ದಾಟಿಸಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ತುಟಿ ತಾಗಿದ ಅಂಚಿಗೇ ತುಟಿಯಿಟ್ಟು ಕುಡಿದ.

ಹಾಡು ಮುಗಿದು ಎಲ್ಲರೂ ಹೊರಬಿದ್ದ ಮೇಲೆ ಅವಳು ಅವನನ್ನು ಬೇವಿನ ಮರದ ಕೆಳಗೆ ತಡೆದಳು.

"ನಿಮಗ ನಮ್ಮ ರಿವಾಜು ಗೊತ್ತಿಲ್ಲ. ಅರಿಯದ ಕುಂತ್ರಂತ ನಾನೇ ಎಲ್ಲಾರಿಗೂ ಹೇಳ್ತೀನಿ."

"ಗೊತ್ತಿತ್ತು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮ್ಮ ಸಾಲಿನಲ್ಲಿ ಕೂರಬಹುದೇ ಅಂತ ನಿನ್ನೆ ನಿಮ್ಮ ಅಪ್ಪನನ್ನು ಕೇಳಿದೆ. ಕೂಡಾಕ ನನ್ನ ಅಡ್ಡಿಯಿಲ್ಲ, ಎಬ್ಬಿಸೋದು ಬಿಡೋದು ಮಗಳಿಗೆ ಬಿಟ್ಟದ್ದು ಅಂದರು."

"ನಾ ಎಬ್ಬಿಸಿದೆನಲ್ಲ."

"ಒಂದೇ ಸಲ. ಅದೂ ಎಷ್ಟು ಮೆಲ್ಲಗೆ."

ನಗು ಬಂತು. ಅದರ ಹಿಂದೆಯೇ ಭಯ.

"ನಾಳೆ ಬಂಡಿ ಹತ್ತತೀರಿ. ಅಷ್ಟು ದೂರದಾಗ ನಿಮ್ಮವ್ವ ನನ್ನ ಯಾವ ಸಾಲಿನ್ಯಾಗ ಕೂಡಿಸ್ತಾರ?"

ಅವನು ನಿಜವಾದ ಉತ್ತರಕ್ಕಾಗಿ ಯೋಚಿಸಿದ. "ನಮ್ಮಲ್ಲಿ ಹೆಂಗಸರು ಬೇರೆ ಕೂರುವುದು. ನೀನು ಅಮ್ಮನ ಪಕ್ಕ ಕೂರಬೇಕು. ಊರಿಗೆ ಹೋಗಿ ಮೊದಲು ಅವರಿಗೆ ಹೇಳುತ್ತೇನೆ. ಕರೆದುಕೊಂಡೇ ಬರುತ್ತೇನೆ, ನಿನ್ನನ್ನು ನೋಡಲು."

"ಅವರು ಒಲ್ಲೆ ಅಂದ್ರ?"

"ಒಬ್ಬನೇ ಬರುತ್ತೇನೆ. ಇಲ್ಲಿಯೂ ಮಂಗಗಳು ಉಂಟಲ್ಲ, ಹಂಚು ಒಡೆಯುತ್ತಲೇ ಇರುತ್ತವೆ. ಕೆಲಸಕ್ಕೇನು ಕಡಿಮೆ?"

ಗ್ಯಾನಮ್ಮ ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ತಲೆಯೆತ್ತಿದಳು.

"ಜಲ್ದಿ ಬಾ."

ಮೊದಲ ಸಲ, 'ರೀ' ಇಲ್ಲದೆ.

"ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."

"ಜಲ್ದಿ ಬಾ ಅಂದೆ. ಕಿವಿ ಕೇಳಂಗಿಲ್ಲೇನು ನಿನಗ?"

"ಕೇಳ್ತದೆ," ಎಂದ ಸಿಲಾಸ. "ಸುಮ್ಮನೆ ಹೇಳಿಸಿದ್ದು."